ಮಧ್ಯಾಹ್ನ ಹಿಂದೆ ಬೀಳುವ ಗಡಿಯಾರ

ನನ್ನ ಜಿಪಿಎಸ್ ಆಂಟೆನಾ ಬೆಂಗಳೂರು ಹನುಮಂತನಗರದ ನಮ್ಮ ಮನೆ ತಾರಸಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನೀರಿನ ಟ್ಯಾಂಕ್ ಪಕ್ಕ ಒಂದು ಜಿಐ ಪೈಪು, ಅದರ ತುದಿಗೆ ಚೂಪು ತಲೆಯ ಬಿಳೀ ಡಬ್ಬಿ. ಚೂಪಾಗಿ ಮಾಡಿರುವುದು ಹಕ್ಕಿ ಕೂರಬಾರದು ಅಂತ. ನಮ್ಮ ಬೀದಿಯ ಪಾರಿವಾಳಗಳಿಗೆ ಈ ವಿಷಯ ಯಾರೂ ಹೇಳಿಲ್ಲ. ನನಗೆ ಜಿಪಿಎಸ್‌ನಿಂದ ದಾರಿ ಬೇಕಿಲ್ಲ, ಟೈಮ್ ಬೇಕು.

"ಟೈಮ್ ಫೋನಲ್ಲೇ ಬರುತ್ತಲ್ಲ ಮಾವ" ಅಂದಳು ತಂಗಿ ಮಗಳು. ಬರುತ್ತೆ. ಬಸ್ ಹಿಡಿಯುವುದಕ್ಕೆ ಅಷ್ಟು ಸಾಕು. ಆದರೆ ನಾನು ಆಸಿಲೋಸ್ಕೋಪು, ಫ್ರೀಕ್ವೆನ್ಸಿ ಕೌಂಟರು (ಸೆಕೆಂಡಿಗೆ ಎಷ್ಟು ಅಲೆ ಅಂತ ಎಣಿಸುವ ಯಂತ್ರ) ರಿಪೇರಿ ಮಾಡಿಕೊಂಡೇ ಬದುಕಿದವನು. ಕೌಂಟರ್ ಸರಿ ಇದೆಯಾ ಅಂತ ನೋಡಬೇಕಾದರೆ ಅದಕ್ಕಿಂತ ಒಳ್ಳೆಯ ಗಡಿಯಾರ ಬೇಕು. ಆ ಗಡಿಯಾರ ಸರಿ ಇದೆಯಾ ಅಂತ ನೋಡಬೇಕಾದರೆ ಇನ್ನೂ ಒಳ್ಳೆಯದು ಬೇಕು. ಹುಚ್ಚು ಹಿಡಿಯುವುದು ಹೀಗೇ.

ಜಿಪಿಎಸ್ ಉಪಗ್ರಹ ಅಂದರೆ ಮೂಲತಃ ಹಾರಾಡುವ ಪರಮಾಣು ಗಡಿಯಾರ. ಅದು 1575.42 ಮೆಗಾಹರ್ಟ್ಸ್‌ನಲ್ಲಿ 1023 ಚಿಪ್‌ಗಳ (ಸೊನ್ನೆ, ಒಂದುಗಳ ತುಣುಕು) ಒಂದು ಕೋಡನ್ನು ಪ್ರತಿ ಮಿಲಿಸೆಕೆಂಡಿಗೂ ಮತ್ತೆ ಮತ್ತೆ ಹೇಳುತ್ತಿರುತ್ತದೆ. ನೆಲಕ್ಕೆ ಬರುವ ಹೊತ್ತಿಗೆ ಆ ಸಿಗ್ನಲ್ ರೇಡಿಯೋ ಗದ್ದಲದ ಮಟ್ಟಕ್ಕಿಂತ ಕೆಳಗಿರುತ್ತದೆ. ಕೋಡ್ ಮೊದಲೇ ಗೊತ್ತಿರುವುದರಿಂದ ರಿಸೀವರ್ ಅದನ್ನು ಹೆಕ್ಕಿ ತೆಗೆಯುತ್ತದೆ. ಫೋನಿಗೆ ಕನಿಷ್ಠ 4 ಉಪಗ್ರಹ ಬೇಕು, ಯಾಕೆಂದರೆ ಗೊತ್ತಿಲ್ಲದ ಸಂಗತಿ ನಾಲ್ಕು: ಎಲ್ಲಿದ್ದೇನೆ ಅನ್ನುವುದರ ಮೂರು ಅಂಕಿ, ಜೊತೆಗೆ ಸಮಯ. ಟೈಮಿಂಗ್ ರಿಸೀವರ್ ಇಲ್ಲೇ ಬೇರೆಯಾಗುವುದು. ಒಂದು ದಿನ ಸುಮ್ನೆ ಕೂತು ತನ್ನ ಜಾಗವನ್ನು ಸರಾಸರಿ ತೆಗೆದುಕೊಳ್ಳುತ್ತದೆ, ಆಮೇಲೆ ಅದನ್ನು ಬೀಗ ಹಾಕಿ ಇಟ್ಟುಬಿಡುತ್ತದೆ. ಉಳಿಯುವುದು ಸಮಯ ಒಂದೇ. ಅದಕ್ಕೆ ಒಂದು ಉಪಗ್ರಹವೂ ಸಾಕು. ಜಾಸ್ತಿ ಇದ್ದಷ್ಟೂ ಸರಾಸರಿ ಚೆನ್ನಾಗಿರುತ್ತದೆ.

ಈ ಹವ್ಯಾಸಕ್ಕೆ ಕಾಲಿಡುವುದು ಅಗ್ಗ. ಎಸ್‌ಪಿ ರೋಡ್‌ನಲ್ಲಿ ನಿಯೋ-6ಎಂ ಮಾಡ್ಯೂಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಪಿಪಿಎಸ್ ಅಂತ ಒಂದು ಕಾಲು ಇದೆ, ಪ್ರತಿ ಸೆಕೆಂಡಿನ ಶುರುವಿಗೆ ಸರಿಯಾಗಿ ಒಂದು ಪಲ್ಸ್ ಬಿಡುತ್ತದೆ. ಅದನ್ನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನ ಜಿಪಿಐಓ ಕಾಲಿಗೆ ಕೊಟ್ಟು, ಕ್ರೋನಿ ಅನ್ನುವ ಸಮಯ ಹೊಂದಿಸುವ ತಂತ್ರಾಂಶ ಹಾಕಿದರೆ ಮನೆಯ ಕಂಪ್ಯೂಟರುಗಳಿಗೆಲ್ಲ ಮೈಕ್ರೋಸೆಕೆಂಡ್ ಲೆಕ್ಕದ ಟೈಮ್ ಸರ್ವರ್ ತಯಾರು. ಯುಎಸ್‌ಬಿ ಮೂಲಕ ಮಾತ್ರ ಕೊಡಬೇಡಿ, ಅಲ್ಲೇ ಮಿಲಿಸೆಕೆಂಡ್ ಕಳೆದುಹೋಗುತ್ತದೆ. ಇಲ್ಲಿಗೇ ನಿಲ್ಲಿಸಿದವರು ಪುಣ್ಯವಂತರು.

ಮುಂದೆ ಹೋದರೆ ನ್ಯಾನೊಸೆಕೆಂಡಿನ ಲೋಕ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. 1 ನ್ಯಾನೊಸೆಕೆಂಡಿಗೆ ಬೆಳಕು ಓಡುವುದು 30 ಸೆಂಟಿಮೀಟರ್. ತಾರಸಿಯಿಂದ ಕೋಣೆಗೆ ಎಳೆದಿರುವ ಟಿವಿ ಕೇಬಲ್ಲೇ ಮೀಟರಿಗೆ 4 ನ್ಯಾನೊಸೆಕೆಂಡಿನ ಹತ್ತಿರ ತಡ ಮಾಡುತ್ತದೆ. ಅದನ್ನು ಅಳೆದು ರಿಸೀವರಿಗೆ ಹೇಳಬೇಕು. ಇನ್ನು ನಿಯೋ-6ಎಂನ ಪಲ್ಸ್. ಒಳಗಿನ 48 ಮೆಗಾಹರ್ಟ್ಸ್ ಕ್ಲಾಕಿನ ಏಟಿಗೆ ಹೊಂದಿಕೊಂಡೇ ಅದು ಹೊರಗೆ ಬರಬೇಕು. ಹಾಗಾಗಿ 21 ನ್ಯಾನೊಸೆಕೆಂಡಿನ ಮೆಟ್ಟಿಲುಗಳಲ್ಲೇ ಅದರ ಓಡಾಟ. ಗ್ರಾಫ್ ಹಾಕಿದರೆ ಗರಗಸದ ಹಲ್ಲು. ಕೆಲವೊಮ್ಮೆ ಹಲ್ಲುಗಳು ಮಾಯವಾಗಿ, ಪಲ್ಸು ಒಂದೇ ಕಡೆಗೆ ನಿಧಾನವಾಗಿ ಜೋತುಬಿದ್ದು ಮತ್ತೆ ಮೇಲೇಳುತ್ತದೆ. ಬಲ್ಲವರು ಅದನ್ನು ತೂಗುಸೇತುವೆ ಅನ್ನುತ್ತಾರೆ. ಸರಾಸರಿ ತೆಗೆದರೂ ಅದು ಹೋಗುವುದಿಲ್ಲ, ಅದೇ ಕಷ್ಟ. ಟೈಮಿಂಗಿಗೆ ಅಂತಲೇ ಮಾಡಿದ ನಿಯೋ-ಎಂ8ಟಿಯಂಥ ಮಾಡ್ಯೂಲು, ಮುಂದಿನ ಪಲ್ಸ್ ಎಷ್ಟು ತಪ್ಪಾಗಿ ಬರಲಿದೆ ಅಂತ ಪಿಕೊಸೆಕೆಂಡಿನ (ನ್ಯಾನೊಸೆಕೆಂಡಿನ ಸಾವಿರದಲ್ಲಿ ಒಂದು ಪಾಲು) ಲೆಕ್ಕದಲ್ಲಿ ಮೊದಲೇ ಹೇಳುತ್ತದೆ. ಅದನ್ನು ಕಳೆದರೆ ಗರಗಸ ಮಾಯ.

ನನ್ನ ಮೇಜಿನ ಮೇಲೆ ಎಂ8ಟಿ ಒಂದು ಕಡೆ. ಇನ್ನೊಂದು ಕಡೆ ಹಳೇ ಮೊಬೈಲ್ ಟವರುಗಳಿಂದ ಕಳಚಿದ ರುಬಿಡಿಯಂ ಆಸಿಲೇಟರ್ ಅನ್ನುವ ಪುಟ್ಟ ಪರಮಾಣು ಗಡಿಯಾರ, ಎಲ್‌ಪಿಆರ್‌ಓ-101. 24 ವೋಲ್ಟ್ ಕೊಟ್ಟರೆ ಕೆಲವು ನಿಮಿಷದಲ್ಲಿ ಬಿಸಿಯಾಗಿ, ಲಾಕ್ ಆಗಿ, 10 ಮೆಗಾಹರ್ಟ್ಸ್ ಕೊಡುತ್ತದೆ. ಎರಡರ ನಡುವಿನ ಅಂತರ ಅಳೆಯಲು ಟಿಐಸಿಸಿ ಅನ್ನುವ ಬೋರ್ಡು. ಟ್ಯಾಪರ್ ಅನ್ನುವ ಅಮೆರಿಕದ ಹ್ಯಾಮ್ ರೇಡಿಯೋ ಹವ್ಯಾಸಿಗಳ ಗುಂಪು ಮಾಡಿದ್ದು, ಆರ್ಡುಯಿನೊ ಮೆಗಾ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿನ ಮೇಲೆ ಕೂರುತ್ತದೆ. 60 ಪಿಕೊಸೆಕೆಂಡ್ ಆಸುಪಾಸಿನ ಅಂತರವನ್ನೂ ಗುರುತಿಸುತ್ತದೆ. ಒಂದು ಕಾಲದಲ್ಲಿ ಇಂಥದ್ದಕ್ಕೆ ದೊಡ್ಡ ಲ್ಯಾಬಿಗೇ ಹೋಗಬೇಕಿತ್ತು.

ಈ ಜೋಡಿಯ ಗ್ರಾಫಿನಲ್ಲೇ ನಾನು ಮೊದಲು ಮಧ್ಯಾಹ್ನದ ಗುಂಡಿ ನೋಡಿದ್ದು. ರಾತ್ರಿಯೆಲ್ಲ ಗೆರೆ ಸಮಾಧಾನವಾಗಿರುತ್ತದೆ. ಬೆಳಗ್ಗೆ ಹತ್ತರ ಮೇಲೆ ಪಿಪಿಎಸ್ ನಿಧಾನವಾಗಿ ಹಿಂದೆ ಬೀಳಲು ಶುರು. ಎರಡು, ಮೂರು ಗಂಟೆಯ ಹೊತ್ತಿಗೆ ಹತ್ತಿಪ್ಪತ್ತು ನ್ಯಾನೊಸೆಕೆಂಡ್ ಹಿಂದೆ. ಸಂಜೆಗೆ ವಾಪಸ್. ಡೇಟಾಶೀಟಿನ ಮಾತು ನಂಬಿದರೆ ಇಷ್ಟು ಆಗಬಾರದು.

ಮೊದಲ ಅನುಮಾನ ಸೆಖೆಯ ಮೇಲೆ. ಮಧ್ಯಾಹ್ನ ತಾರಸಿ ಕೋಣೆ ಕಾಯುತ್ತದೆ, ರುಬಿಡಿಯಂ ಕೂಡ ಬಿಸಿಗೆ ಸ್ವಲ್ಪ ಅಲ್ಲಾಡುತ್ತದೆ. ಲೆಕ್ಕ ಹಾಕಿ ನೋಡಿ: ಲಕ್ಷ ಕೋಟಿಯಲ್ಲಿ ಒಂದು ಪಾಲು ವೇಗ ತಪ್ಪಿದರೂ 6 ಗಂಟೆಯಲ್ಲಿ ಸುಮಾರು 22 ನ್ಯಾನೊಸೆಕೆಂಡ್ ಆಯಿತು. ಅಂದರೆ ಇಡೀ ಗುಂಡಿಯನ್ನು ಸೆಖೆ ಒಂದೇ ತೋಡಬಲ್ಲದು. ಥರ್ಮಾಕೋಲ್ ಡಬ್ಬಿ ಮುಚ್ಚಿದೆ. ಗುಂಡಿಯ ಆಕಾರ ಸ್ವಲ್ಪ ಬದಲಾಯಿತು, ಹೋಗಲಿಲ್ಲ.

ಎರಡನೇ ಅನುಮಾನ ನೀರಿನ ಟ್ಯಾಂಕ್. ಸಿಗ್ನಲ್ ನೇರವಾಗಿ ಬರುವುದರ ಜೊತೆಗೆ ಟ್ಯಾಂಕಿಗೆ ಬಡಿದೂ ಬರುತ್ತದೆ, ಬಡಿದು ಬಂದದ್ದು ತಡವಾಗಿ ಬರುತ್ತದೆ. ಇದನ್ನು ಹಿಡಿಯಲು ಒಂದು ಚಂದದ ಉಪಾಯ ಇದೆ. ಜಿಪಿಎಸ್ ಉಪಗ್ರಹಗಳು ಭೂಮಿಯನ್ನು ಸುತ್ತುವ ಲೆಕ್ಕ ಸೂರ್ಯನ ದಿನಕ್ಕೆ ಹೊಂದುವುದಿಲ್ಲ, ನಕ್ಷತ್ರಗಳ ದಿನಕ್ಕೆ ಹೊಂದುತ್ತದೆ. ಅದೇ ಉಪಗ್ರಹ ಅದೇ ಜಾಗಕ್ಕೆ ಬರುವುದು 23 ಗಂಟೆ 56 ನಿಮಿಷಕ್ಕೆ. ಹಾಗಾಗಿ ಟ್ಯಾಂಕ್ ಮಾಡುವ ಏರುಪೇರು ದಿನಾ 4 ನಿಮಿಷ ಮುಂಚೆ ಬರಬೇಕು. ವಾರದ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟೆ. ನಿಜಕ್ಕೂ ಕೆಲವು ಸಣ್ಣ ಮೊನೆಗಳು ದಿನಾ 4 ನಿಮಿಷ ಜರುಗುತ್ತಿದ್ದವು. ಅವು ಟ್ಯಾಂಕಿನವು. ಪೈಪನ್ನು ಎತ್ತರಿಸಿದ ಮೇಲೆ ಕಡಿಮೆಯಾದವು. ಆದರೆ ದೊಡ್ಡ ಗುಂಡಿ ಜರುಗಲೇ ಇಲ್ಲ. ಅದು ಸೂರ್ಯನ ಗಡಿಯಾರಕ್ಕೆ ಕಟ್ಟಿಕೊಂಡಿತ್ತು.

ಮಧ್ಯಾಹ್ನದ ಸೂರ್ಯನಿಗೆ ಕಟ್ಟುಬಿದ್ದದ್ದು, ಸೆಖೆ ಅಲ್ಲದ್ದು, ಟ್ಯಾಂಕ್ ಅಲ್ಲದ್ದು ಅಂದರೆ ಅಯಾನೋಸ್ಫಿಯರ್. ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತದೆ. ಆ ಎಲೆಕ್ಟ್ರಾನುಗಳ ನಡುವೆ ಹಾದು ಬರುವ ಕೋಡ್ ತಡವಾಗುತ್ತದೆ. ಬಿಸಿಲು ಏರಿದಷ್ಟೂ ಎಲೆಕ್ಟ್ರಾನ್ ಜಾಸ್ತಿ, ತಡವೂ ಜಾಸ್ತಿ. ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನ್ ಇದೆ ಅಂತ ಅಳೆಯುವ ಮಾನ ಟೆಕ್ ಯೂನಿಟ್. ಒಂದು ಯೂನಿಟ್ಟಿಗೆ 1575.42 ಮೆಗಾಹರ್ಟ್ಸ್‌ನಲ್ಲಿ ಸುಮಾರು ಅರ್ಧ ನ್ಯಾನೊಸೆಕೆಂಡ್ ತಡ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ ನಮ್ಮ ತಲೆ ಮೇಲೆ ಮಧ್ಯಾಹ್ನ 80 ಯೂನಿಟ್ ಇರುವುದೇನೂ ದೊಡ್ಡ ಮಾತಲ್ಲ. ನೆತ್ತಿಯಿಂದ ನೇರ ಬರುವ ಸಿಗ್ನಲ್ಲಿಗೇ 40 ನ್ಯಾನೊಸೆಕೆಂಡ್ ದಾಟಿತು. ಓರೆಯಾಗಿ ಬರುವುದಕ್ಕೆ ಇನ್ನೂ ಜಾಸ್ತಿ.

ಹಾಗಾದರೆ ರಿಸೀವರಿಗೆ ಇದು ಗೊತ್ತಿಲ್ಲವಾ? ಗೊತ್ತು, ಅರ್ಧ ಮಾತ್ರ. ಜಿಪಿಎಸ್ ಉಪಗ್ರಹಗಳು ತಮ್ಮ ಸಂದೇಶದಲ್ಲಿ 8 ಅಂಕಿಗಳನ್ನು ಕಳಿಸುತ್ತವೆ. ಅಮೆರಿಕ ವಾಯುಪಡೆಯ ಸಂಶೋಧಕ ಜಾನ್ ಕ್ಲೋಬುಚಾರ್ ಕೊಟ್ಟ ಮಾದರಿಗೆ ಆ ಅಂಕಿ ಹಾಕಿದರೆ ಇವತ್ತಿನ ತಡ ಎಷ್ಟು ಅಂತ ಅಂದಾಜು ಸಿಗುತ್ತದೆ. ಮಾದರಿ ಬಹಳ ಸರಳ. ರಾತ್ರಿ ಎಲ್ಲೆಡೆ 5 ನ್ಯಾನೊಸೆಕೆಂಡ್ ಅಂತ ಇಟ್ಟುಕೊಂಡಿದೆ. ಹಗಲಿಗೆ ಒಂದು ಅರ್ಧ ಕೊಸೈನ್ ಗುಡ್ಡ, ಅದರ ತುದಿ ಸ್ಥಳೀಯ ಸಮಯ ಮಧ್ಯಾಹ್ನ 2 ಗಂಟೆಗೆ. ಬೆಂಗಳೂರಿನ ಸೂರ್ಯ ಐಎಸ್‌ಟಿಗಿಂತ ಸುಮಾರು 20 ನಿಮಿಷ ಹಿಂದೆ ಇರುವುದರಿಂದ ನಮ್ಮ ಗಡಿಯಾರದಲ್ಲಿ ಅದು 2:20. ಇಡೀ ಜಗತ್ತಿಗೆ 8 ಅಂಕಿ! ಸರಾಸರಿ ನೋಡಿದರೆ ತಪ್ಪಿನ ಅರ್ಧದಷ್ಟನ್ನು ಅದು ತೆಗೆಯುತ್ತದೆ. ಅಷ್ಟು ಪುಟ್ಟ ಸಂದೇಶಕ್ಕೆ ಅದು ನಿಜಕ್ಕೂ ದೊಡ್ಡ ಸಾಧನೆ. ಉಳಿದ ಅರ್ಧ ನನ್ನ ಗ್ರಾಫಿನ ಗುಂಡಿ.

ಆ ಉಳಿದ ಅರ್ಧ ನಮ್ಮ ಕಡೆ ಯಾಕಿಷ್ಟು ದೊಡ್ಡದು? ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ಭಾರತದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಅನ್ನುವ ಮೀನುಗಾರರ ಹಳ್ಳಿಯನ್ನು ಹುಡುಕಿದ್ದು ಇದೇ ಕಾರಣಕ್ಕೆ, ಆ ಗೆರೆಯ ಮೇಲಿನ ಆಕಾಶದ ಆಟ ನೋಡಲು. ಅಲ್ಲಿ ಹಗಲು ಹೊತ್ತು ಎಲೆಕ್ಟ್ರಾನುಗಳು ಕಾರಂಜಿಯ ಹಾಗೆ ಮೇಲೆ ಚಿಮ್ಮಿ, ಕಾಂತರೇಖೆಗಳ ಗುಂಟ ಜಾರಿ, ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 15 ಡಿಗ್ರಿ ದೂರದಲ್ಲಿ ರಾಶಿ ಬೀಳುತ್ತವೆ. ಉತ್ತರದ ರಾಶಿ ಅಹಮದಾಬಾದ್, ಭೋಪಾಲ್, ಕೋಲ್ಕತ್ತಾ ಸಾಲಿನಲ್ಲಿ. ನಾವು ಕಾರಂಜಿಗೂ ರಾಶಿಗೂ ನಡುವೆ ಇದ್ದೇವೆ. ಒಂದೇ ಗುಡ್ಡದ ಸರಳ ಮಾದರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಇಲ್ಲಿ ನನ್ನ ಒಂದು ತಕರಾರಿದೆ. ಈ ಹವ್ಯಾಸದ ಬಗ್ಗೆ ಓದಲು ಸಿಗುವುದೆಲ್ಲ ಅಮೆರಿಕ, ಯೂರೋಪಿನ ಮನೆಗಳಿಂದ ಬಂದದ್ದು. ಅವರು ನಮಗೆ ಗುರುಗಳು, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಗಡಿಯಾರ ಹವ್ಯಾಸಿ ಟಾಮ್ ವ್ಯಾನ್ ಬಾಕ್ 2005ರಲ್ಲಿ ಮನೆಯಲ್ಲಿದ್ದ 3 ಸೀಸಿಯಂ ಪರಮಾಣು ಗಡಿಯಾರಗಳನ್ನು ಕಾರಿಗೆ ತುಂಬಿ, ಮಕ್ಕಳನ್ನೂ ಕರೆದುಕೊಂಡು ಸಿಯಾಟಲ್ ಹತ್ತಿರದ ಮೌಂಟ್ ರೇನಿಯರ್ ಮೇಲೆ ವಾರಾಂತ್ಯ ಕಳೆದು ಬಂದರು. ಎತ್ತರದಲ್ಲಿ ಸಮಯ ಬೇಗ ಓಡುತ್ತದೆ ಅನ್ನುವ ಐನ್‌ಸ್ಟೈನ್ ಮಾತನ್ನು, 20 ನ್ಯಾನೊಸೆಕೆಂಡ್ ಚಿಲ್ಲರೆಯ ವ್ಯತ್ಯಾಸವನ್ನು, ಸ್ವಂತ ಗಡಿಯಾರದಲ್ಲೇ ಕಂಡರು. ಇಂಥ ಹುಚ್ಚಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅವರ ಆಕಾಶ ನಮ್ಮದಲ್ಲ. "ಅಗ್ಗದ ಒಂದೇ ಫ್ರೀಕ್ವೆನ್ಸಿ ರಿಸೀವರ್ ಸಾಕು, ಅಯಾನೋಸ್ಫಿಯರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ" ಅನ್ನುವ ಸಲಹೆ ಸಿಯಾಟಲಿನಲ್ಲಿ ನಡೆಯುವಷ್ಟು ಸಲೀಸಾಗಿ ಹನುಮಂತನಗರದಲ್ಲಿ ನಡೆಯುವುದಿಲ್ಲ. ಎಂ8ಟಿಗೂ ಅದಕ್ಕಿಂತ ದುಬಾರಿಯ ಡ್ಯುಯಲ್ ಬ್ಯಾಂಡಿಗೂ (ಎರಡು ಫ್ರೀಕ್ವೆನ್ಸಿಯ ರಿಸೀವರಿಗೂ) ನಡುವೆ ದುಡ್ಡಿನ ಲೆಕ್ಕ ಹಾಕುವವರಿಗೆ ಈ ವಿಷಯ ಮೊದಲೇ ಗೊತ್ತಿರಬೇಕು, ಅಲ್ವಾ?

ಮದ್ದು ಏನು ಅಂದರೆ ಎರಡನೇ ಫ್ರೀಕ್ವೆನ್ಸಿ. ಅಯಾನೋಸ್ಫಿಯರಿನ ತಡ ಫ್ರೀಕ್ವೆನ್ಸಿಯ ವರ್ಗಕ್ಕೆ ತಲೆಕೆಳಗಾಗಿ ನಡೆಯುತ್ತದೆ. 1176.45 ಮೆಗಾಹರ್ಟ್ಸ್‌ನ ಎಲ್5 ಸಿಗ್ನಲ್, 1575.42ರ ಎಲ್1ಗಿಂತ ಸುಮಾರು 1.8 ಪಟ್ಟು ತಡವಾಗುತ್ತದೆ. ಎರಡೂ ಒಂದೇ ಉಪಗ್ರಹದಿಂದ ಒಟ್ಟಿಗೆ ಹೊರಟವು. ಯಾವುದು ಎಷ್ಟು ಹಿಂದೆ ಬಿತ್ತು ಅಂತ ಅಳೆದರೆ ನಡುವೆ ಎಷ್ಟು ಎಲೆಕ್ಟ್ರಾನ್ ಇತ್ತು ಅಂತ ನೇರವಾಗಿ ಸಿಗುತ್ತದೆ. ಮಾದರಿಯ ಹಂಗೇ ಇಲ್ಲ.

ಉಳಿಸಿದ ದುಡ್ಡಿನಲ್ಲಿ ಝೆಡ್‌ಇಡಿ-ಎಫ್9ಟಿ ಅನ್ನುವ ಎರಡು ಫ್ರೀಕ್ವೆನ್ಸಿಯ ಬೋರ್ಡು ತಂದೆ. ಒಂದೇ ಆಂಟೆನಾದಿಂದ ಸ್ಪ್ಲಿಟರ್ ಹಾಕಿ ಎಂ8ಟಿಗೂ ಎಫ್9ಟಿಗೂ ಸಿಗ್ನಲ್ ಕೊಟ್ಟೆ. (ಸ್ಪ್ಲಿಟರಿನ ಒಂದು ಕಡೆಯಿಂದ ಮಾತ್ರ ಆಂಟೆನಾಗೆ ಡಿಸಿ ಹೋಗಬೇಕು, ಇನ್ನೊಂದು ಕಡೆ ಡಿಸಿ ಬ್ಲಾಕ್ ಇರಬೇಕು. ಆಂಟೆನಾ ಕೂಡ ಎರಡೂ ಬ್ಯಾಂಡಿನದ್ದೇ ಆಗಬೇಕು.) ಎರಡರ ಪಿಪಿಎಸ್ ಟಿಐಸಿಸಿಗೆ. ಈ ಜೋಡಣೆಯ ಸುಖ ಏನು ಅಂದರೆ ರುಬಿಡಿಯಂ ಅಲ್ಲಾಡಿದರೂ, ಕೇಬಲ್ ಕಾದರೂ, ಎರಡಕ್ಕೂ ಸಮಾನ. ವ್ಯತ್ಯಾಸದಲ್ಲಿ ಹೊಡೆದುಹೋಗುತ್ತದೆ. ಉಳಿಯುವುದು ಕ್ಲೋಬುಚಾರ್ ಮಾದರಿ ಬಿಟ್ಟುಬಿಟ್ಟ ಪಾಲು ಮಾತ್ರ, ಜೊತೆಗೆ ಎರಡು ರಿಸೀವರುಗಳ ನಡುವಿನ ಬದಲಾಗದ ಒಂದು ಅಂಕಿ.

ಮಾರನೇ ದಿನ ಗುಂಡಿ ಅಲ್ಲೇ ಇತ್ತು, ಈ ಸಲ ನುಣುಪಾಗಿ. ಎಫ್9ಟಿಯನ್ನು ಥರ್ಮಾಕೋಲ್ ಒಳಗಿನ ರುಬಿಡಿಯಂ ಜೊತೆ ಹೋಲಿಸಿದರೆ ಗೆರೆ ಬಹುತೇಕ ಮಟ್ಟಸ. ಸ್ವಲ್ಪ ಅಲೆ ಉಳಿದಿದೆ, ಅದು ನಿಜವಾಗಿಯೂ ಸೆಖೆಯದ್ದು.

ಸಂಜೆಯ ಕಥೆ ಬೇರೆ. ಮಾರ್ಚ್, ಏಪ್ರಿಲ್ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನೋಸ್ಫಿಯರಿನ ಕೆಳಗಿನಿಂದ ಎಲೆಕ್ಟ್ರಾನ್ ಕಡಿಮೆಯಿರುವ ಗುಳ್ಳೆಗಳು ಏಳುತ್ತವೆ. ಅವುಗಳ ಮೂಲಕ ಬರುವ ಸಿಗ್ನಲ್ ಮಿಣುಕುತ್ತದೆ, ನಕ್ಷತ್ರ ಮಿಣುಕಿದ ಹಾಗೇ. ಒಂದು ಉಪಗ್ರಹದ ಸಿಗ್ನಲ್ 45 ಡೆಸಿಬೆಲ್‌ನಿಂದ 30ಕ್ಕಿಂತ ಕೆಳಗೆ ಬಿದ್ದು ಮತ್ತೆ ಏಳುತ್ತಿರುತ್ತದೆ, ಪಕ್ಕದ್ದು ಏನೂ ಆಗದ ಹಾಗೆ ಇರುತ್ತದೆ. ಎಂಟರಿಂದ ಮಧ್ಯರಾತ್ರಿವರೆಗೆ ಈ ಗಲಾಟೆ. ಎರಡು ಫ್ರೀಕ್ವೆನ್ಸಿ ಇದ್ದರೂ ಇದಕ್ಕೆ ಪೂರ್ತಿ ಮದ್ದಿಲ್ಲ, ಯಾಕೆಂದರೆ ಸಿಗ್ನಲ್ಲೇ ಕೈಬಿಟ್ಟರೆ ಅಳೆಯುವುದೇನು? ಆಗ ರುಬಿಡಿಯಂ ಹಿಡಿದುಕೊಳ್ಳಬೇಕು. ಈಗಿನ ಸೌರಚಕ್ರ ತನ್ನ ಉತ್ತುಂಗದ ಕಾಲ ಮುಟ್ಟಿದೆ ಅಂತ ನಾಸಾ 2024ರ ಅಕ್ಟೋಬರಿನಲ್ಲಿ ಹೇಳಿತು. ಆ ಸುಮಾರಿನ ಸಂಜೆಗಳ ಲಾಗ್ ನೋಡಿದರೆ ಆಗಾಗ ಯಾರೋ ಆಂಟೆನಾ ಅಲ್ಲಾಡಿಸಿದಂತೆ ಕಾಣುತ್ತದೆ.

ಎಲ್ಲ ತಪ್ಪನ್ನೂ ಆಕಾಶದ ಮೇಲೆ ಹಾಕುವಂತಿಲ್ಲ, ಅದನ್ನೂ ಹೇಳಬೇಕು. 2016ರ ಜನವರಿ 26ರಂದು ಒಂದು ಹಳೇ ಜಿಪಿಎಸ್ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ ನೆಲದ ತಂತ್ರಾಂಶದಲ್ಲಿ ಎಡವಟ್ಟಾಗಿ, ಹಲವು ಉಪಗ್ರಹಗಳು ಯುಟಿಸಿಗೆ (ಜಗತ್ತಿನ ಅಧಿಕೃತ ಸಮಯಕ್ಕೆ) ಸಂಬಂಧಿಸಿದ ತಪ್ಪು ಅಂಕಿ ಕಳಿಸಿದವು. ತಪ್ಪು 13.7 ಮೈಕ್ರೋಸೆಕೆಂಡ್, ಗಂಟೆಗಟ್ಟಲೆ. ದಾರಿ ತೋರಿಸುವುದಕ್ಕೆ ಏನೂ ಆಗಲಿಲ್ಲ. ಟೈಮ್ ನೆಚ್ಚಿಕೊಂಡವರಿಗೆ ಮಾತ್ರ ಅಲಾರಾಂ ಹೊಡೆದವು. ಪಿಪಿಎಸ್ಸನ್ನು ಯುಟಿಸಿಗೆ ಬದಲು ಜಿಪಿಎಸ್ ಸಮಯಕ್ಕೇ ಹೊಂದಿಸಿಕೊಂಡಿದ್ದವರು ಪಾರಾದರು. ನಾನೂ ಈಗ ಹಾಗೇ ಇಟ್ಟಿದ್ದೇನೆ. ಎರಡರ ನಡುವೆ 2017ರಿಂದ 18 ಸೆಕೆಂಡಿನ ಅಂತರ ಇದೆ, ಅದನ್ನು ಕಂಪ್ಯೂಟರಿನಲ್ಲಿ ಕಳೆದುಕೊಂಡರಾಯಿತು.

ಜಿಪಿಎಸ್ ಥರದ ಭಾರತದ್ದೇ ವ್ಯವಸ್ಥೆ ನಾವಿಕ್ ಯಾಕೆ ಬಳಸಬಾರದು ಅಂತ ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕಾದ್ದೇ. ಅದರ ಸಮಯ ಹುಟ್ಟುವುದು ನಮ್ಮ ಬೆಂಗಳೂರಿನ ಹೊರಗೆ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿ, ಸೀಸಿಯಂ ಮತ್ತು ಹೈಡ್ರೋಜನ್ ಮೇಸರ್ ಗಡಿಯಾರಗಳ ಗುಂಪಿನಿಂದ. ನಮ್ಮ ಆಕಾಶದ ಗುಣ ಗೊತ್ತಿದ್ದೇ ಮಾಡಿದ ವ್ಯವಸ್ಥೆ ಅದು. ಎಲ್5 ಜೊತೆಗೆ 2492.028 ಮೆಗಾಹರ್ಟ್ಸ್‌ನ ಎಸ್ ಬ್ಯಾಂಡ್ ಇಟ್ಟಿದ್ದಾರೆ, ಅಲ್ಲಿ ಅಯಾನೋಸ್ಫಿಯರಿನ ತಡ ಎಲ್5ನ ಕಾಲು ಭಾಗಕ್ಕೂ ಕಡಿಮೆ. ಒಂದೇ ಫ್ರೀಕ್ವೆನ್ಸಿಯವರಿಗೆ ಅಂತ ಭಾರತದ ಮೇಲಿನ ಚೌಕಚೌಕದ ತಡದ ಅಂಕಿಗಳನ್ನೂ ಕಳಿಸುತ್ತಾರೆ. ಜಿಪಿಎಸ್ ತಪ್ಪು ತಿದ್ದುವ ಭಾರತದ ಗಗನ್ ವ್ಯವಸ್ಥೆ ಕೂಡ ಅದನ್ನೇ ವಿಮಾನಗಳಿಗೆ ಮಾಡುತ್ತದೆ, ಅದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ನಾವಿಕ್ ಉಪಗ್ರಹಗಳಲ್ಲಿ ತೊಂದರೆ ಆದದ್ದು ಗಡಿಯಾರಗಳದ್ದು. ಐಆರ್‌ಎನ್‌ಎಸ್‌ಎಸ್-1ಎಯಲ್ಲಿದ್ದ ಮೂರೂ ಆಮದು ರುಬಿಡಿಯಂ ಗಡಿಯಾರ ಕೈಕೊಟ್ಟವು, ಆಮೇಲೆ ಬೇರೆ ಉಪಗ್ರಹಗಳಲ್ಲೂ. 2023ರ ಮೇ 29ರಂದು ಹಾರಿದ ಹೊಸ ನಾವಿಕ್ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಇದೆ. ಎಲ್1 ಸಿಗ್ನಲ್ ಕೂಡ ಇದೆ. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಸರಿಯಾದ ಕಕ್ಷೆಗೆ ಏರಲಿಲ್ಲ. ದಾರಿ ಹುಡುಕಲು 4 ಉಪಗ್ರಹ ಬೇಕಾದವರಿಗೆ ಇದು ಬಹಳ ಬೇಸರದ ಸಂಗತಿ.

ಆದರೆ ಪೈಪಿಗೆ ಕಟ್ಟಿದ ಆಂಟೆನಾ ಇಟ್ಟುಕೊಂಡ ನನ್ನಂಥವನಿಗೆ ಒಂದೇ ಸಾಕು. ಎನ್‌ವಿಎಸ್-01 ಪೂರ್ವಕ್ಕೆ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ, 24 ಗಂಟೆಯೂ ಅಲ್ಲೇ ಇರುತ್ತದೆ. ಜಿಪಿಎಸ್ ಉಪಗ್ರಹದ ಹಾಗೆ ಹುಟ್ಟಿ ಮುಳುಗುವುದಿಲ್ಲ. ನಮ್ಮ ಬೀದಿಯಲ್ಲಿ ಪೂರ್ವಕ್ಕೆ ಹೊಸ ನಾಲ್ಕಂತಸ್ತಿನ ಮನೆ ಏಳುತ್ತಿದೆ, ಅದೊಂದು ಚಿಂತೆ.

ಈಗ ನನಗೆ ಬೇಕಿರುವುದು ಇನ್ನೊಂದು ತಾರಸಿ. ಉತ್ತರಕ್ಕೆ ಹೋದಷ್ಟೂ ಎಲೆಕ್ಟ್ರಾನ್ ರಾಶಿ ಹತ್ತಿರವಾಗುತ್ತದೆ, ಹಾಗಾಗಿ ಕಲಬುರಗಿ, ಬೀದರಿನಲ್ಲಿ ಮಧ್ಯಾಹ್ನದ ಗುಂಡಿ ಇಲ್ಲಿಗಿಂತ ಆಳವಾಗಿರಬೇಕು ಅಂತ ನನ್ನ ಅಂದಾಜು. ಆ ಕಡೆ ಯಾರ ಹತ್ತಿರವಾದರೂ ಎಫ್9ಟಿ, ಎಂ8ಟಿ ಎರಡೂ ಇದ್ದರೆ ಒಂದು ವಾರ ಒಂದೇ ಆಂಟೆನಾಗೆ ಹಾಕಿ ವ್ಯತ್ಯಾಸ ಬರೆದಿಡಿ. ರುಬಿಡಿಯಂ ಬೇಕಿಲ್ಲ, ಕೋಣೆಗೆ ಎಸಿಯೂ ಬೇಕಿಲ್ಲ. ಮಧ್ಯೆ ಕರೆಂಟ್ ಹೋದರೆ ಆ ದಿನದ್ದು ಬಿಟ್ಟುಬಿಡಿ. ಎಂ8ಟಿಯ ಗರಗಸದ ಅಂಕಿಯನ್ನು ಲಾಗ್ ಜೊತೆಗೇ ಇಡಿ, ಅದಿಲ್ಲದಿದ್ದರೆ ಲೆಕ್ಕ ಆಗುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರ ಆದರೆ ಒಳ್ಳೆಯದು, ಸಂಜೆಯ ಮಿಣುಕೂ ಸಿಗಬಹುದು.